ನೀಲಿ ಪೆನ್ನು, ಪೆನ್ಸಿಲ್ಲು ಮತ್ತು ಏಳು ಹಬ್ಬಗಳು

ನಮ್ಮ ಸಭೆಯ ಬೈಬಲ್ ಸ್ಟಡಿಗೆ ಇಸ್ರಾಯೇಲರ ಏಳು ಹಬ್ಬಗಳನ್ನು ಹೇಳುವ ಯಾಜಕಕಾಂಡ 23ನ್ನು ತೆಗೆದುಕೊಂಡಾಗ ಒಂದು ಕ್ರಮ ಇಟ್ಟುಕೊಂಡೆ. ಒಂದೊಂದು ಹಬ್ಬವೂ ಇಸ್ರಾಯೇಲರಿಗೆ ಏನಾಗಿತ್ತು ಅಂತ ಮೊದಲು ಓದುವುದು. ಯೇಸುಸ್ವಾಮಿಯ ಮಾತು ಆಮೇಲೆ.

ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬಕ್ಕೆ ವಿಮೋಚನಕಾಂಡ 12 ಪೂರ್ತಿ ಓದಿದೆವು. ಕುರಿಯ ಎಲುಬು ಮುರಿಯಬಾರದು ಎಂಬಲ್ಲಿ ನಿಲ್ಲಿಸಿ ಯೋಹಾನ 19 ತೆರೆಸಿದೆ. ಶಿಲುಬೆಯ ಮೇಲಿದ್ದ ಯೇಸುಸ್ವಾಮಿಯ ಕಾಲುಗಳನ್ನು ಸೈನಿಕರು ಮುರಿಯಲಿಲ್ಲ. ಈ ಸಂಬಂಧವನ್ನು ಯೋಹಾನನೇ ತೋರಿಸುತ್ತಾನೆ. ಮೊದಲ ಪೈರು ಅರ್ಪಿಸುವ ಪ್ರಥಮಫಲದ ಹಬ್ಬಕ್ಕೆ ಕ್ರಿಸ್ತನನ್ನೇ ಪ್ರಥಮಫಲ ಎನ್ನುವ 1 ಕೊರಿಂಥ 15, ಐವತ್ತನೇ ದಿನದ ಹಬ್ಬಕ್ಕೆ ಆ ದಿನ ಪವಿತ್ರಾತ್ಮ ಇಳಿದುಬಂದದ್ದನ್ನು ಹೇಳುವ ಅಪೊಸ್ತಲರ ಕೃತ್ಯಗಳು 2. ಹೀಗೆ ಹೊಸ ಒಡಂಬಡಿಕೆಯೇ ಹೇಳಿದ್ದನ್ನು ನೀಲಿ ಪೆನ್ನಿನಲ್ಲಿ ಬರೆಸಿದೆ. ಬೋಧಕರು ಊಹಿಸಿ ಹೇಳುವುದೆಲ್ಲ ಪೆನ್ಸಿಲ್‌ನಲ್ಲಿ.

ಜಾಸ್ತಿ ಹೊತ್ತು ಹಿಡಿದದ್ದು ಎಲೆಗುಡಿಸಲುಗಳಲ್ಲಿ ಇದ್ದು ಆಚರಿಸುವ ಪರ್ಣಶಾಲೆಗಳ ಹಬ್ಬ. ದೇವಾಲಯವಿದ್ದ ಕಾಲದಲ್ಲಿ ಈ ಹಬ್ಬದಲ್ಲಿ ಸಿಲೋವ ಕೊಳದ ನೀರು ತಂದು ಯಜ್ಞವೇದಿಗೆ ಸುರಿಯುತ್ತಿದ್ದರು ಎಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಗ್ರಂಥವಾದ ಮಿಷ್ನಾ ಹೇಳುತ್ತದೆ. ಆ ದೇಶದಲ್ಲಿ ಮಳೆಗಾಲ ಶುರುವಾಗುವುದೇ ಈ ಹಬ್ಬ ಕಳೆದ ಮೇಲೆ. ಇದು ಗೊತ್ತಿದ್ದು ಯೋಹಾನ 7 ಓದಿ ನೋಡಿ. ಅದೇ ಹಬ್ಬದ ಕಡೇ ದಿನ ಯೇಸುಸ್ವಾಮಿ ಎದ್ದು ನಿಂತು, ಬಾಯಾರಿದವರು ನನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗುತ್ತಾರೆ. ಎಷ್ಟೋ ಸಲ ಓದಿದ್ದ ವಚನ, ಆವತ್ತು ಮೈ ಜುಮ್ಮೆಂದಿತು.

ತುತೂರಿಗಳ ಹಬ್ಬ ಬಂದ ಕೂಡಲೇ ಮಾತು ಯೇಸುಸ್ವಾಮಿ ಮತ್ತೆ ಬರುವ ಎರಡನೇ ಬರೋಣದ ಕಡೆ ತಿರುಗಿತು. "2014, 2015ರಲ್ಲಿ ಪಸ್ಕಕ್ಕೂ ಪರ್ಣಶಾಲೆಗೂ ಚಂದ್ರಗ್ರಹಣ ಆಯ್ತಲ್ಲ ಬ್ರದರ್, ಅದು ಗುರುತು ಅಲ್ವಾ?" ಎಂದು ಹಿರಿಯರೊಬ್ಬರು ಕೇಳಿದರು. ಬೋರ್ಡಿನ ಮೇಲೆ ಚಂದ್ರನ ತಿಂಗಳು ಬರೆದು ತೋರಿಸಿದೆ. ಯೆಹೂದ್ಯರ ತಿಂಗಳು ಅಮಾವಾಸ್ಯೆ ಕಳೆದು ಶುರುವಾಗುತ್ತದೆ. ಹಾಗಾಗಿ ತಿಂಗಳ ನಡುವೆ ಬರುವ ಈ ಎರಡು ಹಬ್ಬಗಳೂ ಹುಣ್ಣಿಮೆಯ ಹೊತ್ತಿಗೇ ಬರುತ್ತವೆ. ಚಂದ್ರಗ್ರಹಣ ಆಗುವುದೂ ಹುಣ್ಣಿಮೆಯಲ್ಲೇ. ಎರಡೂ ಆಗಾಗ ಕೂಡಿ ಬರುವುದು ಸಹಜ. ಸ್ವಾಮಿ ಬರುತ್ತಾರೆಂದು ನಾನು ಮನಸಾರೆ ನಂಬುತ್ತೇನೆ, ಕಾಯುತ್ತಿದ್ದೇನೆ. ಆದರೆ ಆ ದಿನ ಯಾರಿಗೂ ತಿಳಿಯದು ಎಂದು ಮತ್ತಾಯ 24:36 ಹೇಳುವಾಗ ತಾರೀಖು ಹುಡುಕುವುದು ಬೇಡ ಎಂದೆ. ತುತೂರಿ, ಪರ್ಣಶಾಲೆಯಂಥ ಶರತ್ಕಾಲದ ಹಬ್ಬಗಳಿಂದ ಹೇಳುವ ಭವಿಷ್ಯವೆಲ್ಲ ಪೆನ್ಸಿಲ್‌ನಲ್ಲೇ ಉಳಿಯಿತು.

ಯುವಕರಿಗೆ ಚರ್ಚಿನಲ್ಲಿ ಯೆಹೂದ್ಯರ ಪಸ್ಕದ ಊಟ ಮಾಡಿ ನೋಡುವ ಆಸೆಯಿತ್ತು. ನಾನು ಒಪ್ಪಲಿಲ್ಲ. ಸೇದರ್ ಎಂಬ ಆ ಊಟದ ಈಗಿನ ಕ್ರಮ ಬೆಳೆದದ್ದು ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ನಂತರ. ಇಂದಿಗೂ ಅದು ಅವರ ಮನೆಮನೆಯ ಆರಾಧನೆ. ಯೂರೋಪಿನಲ್ಲಿ ಪಸ್ಕದ ದಿನಗಳಲ್ಲೇ ಕ್ರೈಸ್ತರು ಅವರ ಮೇಲೆ ಸುಳ್ಳು ಅಪವಾದ ಹೊರಿಸಿ ಕೊಂದದ್ದೂ ಇದೆ. ಅದನ್ನೂ ಹುಡುಗರಿಗೆ ಬಿಡಿಸಿ ಹೇಳಿದೆ. ಆ ವಾರ, ದೇವರು ಯೆಹೂದ್ಯರನ್ನು ತಳ್ಳಿಬಿಟ್ಟಿಲ್ಲ ಎನ್ನುವ ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯ ಓದಿ, ಯೆಹೂದ್ಯರಿಗಾಗಿ ಪ್ರಾರ್ಥನೆ ಮಾಡಿದೆವು.