ಬಿದರಿಯನ್ನು ದೆಹಲಿಯ ಮೇಳಕ್ಕೆ ಒಯ್ದಾಗ

ಬೆಂಗಳೂರಿನಲ್ಲಿ ನನ್ನದೊಂದು ಚಿಕ್ಕ ಗ್ಯಾಲರಿ ಇದೆ. ದೆಹಲಿಯ ಇಂಡಿಯಾ ಆರ್ಟ್ ಫೇರ್‌ನಲ್ಲಿ 2024ರಲ್ಲಿ ಡಿಸೈನಿಗೆಂದೇ ಬೇರೆ ವಿಭಾಗ ಶುರುವಾಯಿತು. ಅದಾದ ಮೇಲೆ ನಾವೂ ಅಲ್ಲಿ ಒಂದು ಬೂತ್ ಹಿಡಿದೆವು. ಇಟ್ಟದ್ದು ಬಿದರಿ ಕೆಲಸ ಮಾತ್ರ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರ್‌ನ ಕಲೆ. ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಗೊಂಬೆ ಎಲ್ಲವನ್ನೂ ಅಷ್ಟು ಜಾಗದಲ್ಲಿ ತುಂಬಿದರೆ ಎಂಪೋರಿಯಂ ಥರ ಕಾಣುತ್ತದೆ, ಜನ ನಿಲ್ಲುವುದಿಲ್ಲ.

ಹೂದಾನಿ, ಡಬ್ಬಿ ಬೇಡ, ಆಳೆತ್ತರದ ಗೋಡೆ ಫಲಕವೇ ಬೇಕು ಎನ್ನುವುದು ನನ್ನ ಆಸೆ. ಬೀದರ್‌ನ ಉಸ್ತಾದರು ಕೇಳಿದ ಕೂಡಲೇ ತಲೆಯಾಡಿಸಿದರು. "ಅಷ್ಟು ದೊಡ್ಡದು ಎರಕ ಹೊಯ್ದ್ರ ಒಡೀತದ್ರಿ ಮೇಡಂ. ಸಣ್ಣ ಸಣ್ಣದು ಮಾಡಿ ಜೋಡಿಸೋಣ್ರಿ." ಬಿದರಿಯಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಸತು ಬಿರುಸು, ಬಿದ್ದರೂ ಮುರಿಯುತ್ತದೆ. ಹಾಗಾಗಿ ಅಂಗೈಯಗಲದ ಬಿಲ್ಲೆಗಳನ್ನು ಮಾಡಿ, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ತೇಗದ ಚೌಕಟ್ಟಿಗೆ ಕೂರಿಸಿದೆವು.

ವಿನ್ಯಾಸಕ್ಕೆ ಬೀದರ್‌ನ ಕರೇಜ್ ಹಿಡಿದುಕೊಂಡೆವು. ನೆಲದೊಳಗೆ ಹರಿಯುವ ನೀರಿನ ಕಾಲುವೆ ಅದು. ಮೇಲಿಂದ ನೋಡಿದರೆ ಸಾಲಾಗಿ ಬಾವಿಗಳು ಮಾತ್ರ ಕಾಣುತ್ತವೆ. ನೀರಿಗೆ ಬೆಳ್ಳಿ ತಂತಿ, ಬಾವಿಗೆ ಬೆಳ್ಳಿಯ ತಗಡು. ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಗೆರೆ ತಪ್ಪದೆ ದಾಟಬೇಕಲ್ವಾ, ಅದೇ ಕಷ್ಟ. ಬಿಲ್ಲೆಗಳನ್ನೆಲ್ಲ ಹಾಸಿ, ಗೆರೆ ಕಾಣಲೆಂದು ಮೊದಲು ಮೈಲುತುತ್ತದಿಂದ ಕಪ್ಪಾಗಿಸಿ, ಒಟ್ಟಿಗೇ ಗೆರೆ ಎಳೆದು, ಆಮೇಲೆ ಒಂದೊಂದನ್ನೇ ಉಳಿಯಿಂದ ಕೊರೆದರು. ತಂತಿ ಬಡಿದು ಕೂರಿಸಿ, ಉಜ್ಜಿ ನುಣುಪಾದ ಮೇಲೆ ಕೊನೆಯ ಕಪ್ಪು. ಅದಕ್ಕೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಎಂಬ ಲವಣ ಬೇಕು. ಮಣ್ಣು ಸರಿಯಿದೆಯಾ ಎಂದು ಉಸ್ತಾದರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಒಂದು ಫಲಕದ ಬಿಲ್ಲೆಗಳಿಗೆಲ್ಲ ಒಂದೇ ಸಲ ಕಲಸಿದ ಮಣ್ಣು ಬಳಸಿದ್ದರಿಂದ ಬಣ್ಣ ಹೊಂದಿಕೊಂಡಿತು.

ಮೇಳದ ಗೋಡೆ ಎಂದರೆ ತಾತ್ಕಾಲಿಕ ಪಾರ್ಟಿಷನ್. ಇಷ್ಟು ಭಾರ ನೇತುಹಾಕಲು ಹಿಂದೆ ದಪ್ಪ ಪ್ಲೈವುಡ್ ಕೊಡಿ ಎಂದು ಮೊದಲೇ ಬರೆದು ಕೇಳಬೇಕು. ಗೋಡೆಗೆ ಬಿಳಿ ಬೇಡವೆಂದು ಮಣ್ಣಿನ ಬಣ್ಣ ಹೊಡೆಸಿದೆವು. ಬೆಳಕನ್ನು ಎದುರಿನಿಂದ ಬಿಟ್ಟರೆ ಬೆಳ್ಳಿ ಕಣ್ಣಿಗೆ ಚುಚ್ಚುತ್ತದೆ. ಪಕ್ಕದಿಂದ, ಮೇಲಿನಿಂದ ಓರೆಯಾಗಿ ಬಿಟ್ಟಾಗ ಗೆರೆ ಎದ್ದು ಕಂಡಿತು.

ಬಂದವರು ಮೊದಲು ಕೇಳುವುದು ಬೆಲೆ. "ಬೀದರ್‌ನಲ್ಲಿ ಬಿದರಿ ಇದಕ್ಕಿಂತ ಅಗ್ಗ ಅಲ್ವಾ?" ಇದಕ್ಕೆ ಭಾಷಣ ಬೇಡ. ಮೇಜಿನ ಮೇಲೆ ಎರಕದ ಬಿಲ್ಲೆ, ಕೊರೆದದ್ದು, ಬೆಳ್ಳಿ ಕೂರಿಸಿದ್ದು, ಕಪ್ಪಾದದ್ದು ಇಟ್ಟಿದ್ದೆವು. ಮುಟ್ಟಬಹುದು. ಕೈಗೆತ್ತಿಕೊಂಡವರು ಬೆಲೆಯ ಮಾತು ಬಿಟ್ಟು ಕೆಲಸದ ಬಗ್ಗೆ ಕೇಳತೊಡಗಿದರು.

ಲೇಬಲ್‌ನಲ್ಲಿ ಉಸ್ತಾದರ ಹೆಸರು ಮೊದಲು, ಡಿಸೈನರ್ ಹೆಸರು ಆಮೇಲೆ. ಎರಡೂ ಒಂದೇ ಅಳತೆಯ ಅಕ್ಷರ. ಒಟ್ಟು ಎಷ್ಟು ಪ್ರತಿ, ಇದು ಎಷ್ಟನೆಯದು ಎಂಬುದೂ ಅಲ್ಲೇ. 2023ರಲ್ಲಿ ಬೀದರ್‌ನ ಬಿದರಿ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆದರೂ ಎಷ್ಟೋ ಅಂಗಡಿಗಳಲ್ಲಿ ಬಿದರಿ ಮಾಡಿದವರ ಹೆಸರೇ ಇರುವುದಿಲ್ಲ. ನನಗೆ ಇದು ಸಹಿಸಲಾಗದ ವಿಷಯ. ಉಸ್ತಾದರನ್ನು ಬೂತ್‌ನಲ್ಲಿ ಉಳಿ ಹಿಡಿಸಿ ಕೂರಿಸಲಿಲ್ಲ. ಅವರು ಕಲಾವಿದರಾಗಿ ಬಂದರು, ಕುರ್ಚಿಯಲ್ಲಿ ಕೂತು ಕೊಳ್ಳುವವರ ಜೊತೆ ಮಾತಾಡಿದರು. ಕೂಲಿಯನ್ನು ಮೇಳಕ್ಕೆ ಮುಂಚೆಯೇ ಪೂರ್ತಿ ಕೊಟ್ಟಿದ್ದೆವು. ಮಾರಾಟದಲ್ಲಿ ಪಾಲು ಬೇರೆ. ಮಾರಿದರೆ ಮಾತ್ರ ದುಡ್ಡು ಎಂಬ ಪದ್ಧತಿಯಲ್ಲಿ ಎಲ್ಲ ನಷ್ಟವೂ ಮಾಡುವವರ ಮೇಲೇ ಬೀಳುತ್ತದೆ.

ಕೊಂಡವರಿಗೆ ಒಂದು ಚೀಟಿಯನ್ನೂ ಕೊಟ್ಟೆವು. ಪಾಲಿಶ್ ಹಾಕಿ ಉಜ್ಜಬೇಡಿ, ಕಪ್ಪು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ. ಒಂದು ಬಿಲ್ಲೆ ಕೆಟ್ಟರೆ ಫಲಕವನ್ನೆಲ್ಲ ಇಳಿಸಿ ಕಳುಹಿಸಬೇಕಿಲ್ಲ. ಸ್ಕ್ರೂ ಹಿಂದಿನಿಂದ ಹಾಕಿದ್ದೇವೆ, ಅದೊಂದನ್ನೇ ಬಿಚ್ಚಿ ಬೀದರ್‌ಗೆ ಕಳುಹಿಸಿದರೆ ಸಾಕು.