ಪೇಷಂಟ್ ಬೆನ್ನು ಬಿದ್ದಾಗ ನಾನು ಮಾಡಿದ್ದು

ನಾನು ಮನೋವೈದ್ಯೆ. ನನ್ನ ಪೇಷಂಟ್ ಒಬ್ಬರು ಬೆನ್ನು ಬಿದ್ದಾಗ ಭಯಕ್ಕಿಂತ ಜಾಸ್ತಿ ಕಾಡಿದ್ದು ಗೊಂದಲ. ಇದೂ ಕಾಯಿಲೆಯ ಭಾಗವೇ ಆಗಿದ್ದರೆ ದೂರು ಕೊಡುವುದು ಸರಿಯಾ?

ಮೊದಲು ಥ್ಯಾಂಕ್ಸ್ ಹೇಳುವ ಮೆಸೇಜು ಬರುತ್ತಿತ್ತು. ಆಮೇಲೆ ನಾನು ಎಷ್ಟು ಹೊತ್ತಿಗೆ ಮನೆಗೆ ಹೊರಟೆ ಎಂಬ ವಿವರ. ಕೊನೆಗೆ, 'ನಿಮಗೂ ನನ್ನ ಮೇಲೆ ಪ್ರೀತಿ ಇದೆ, ಹೇಳೋಕೆ ಆಗ್ತಿಲ್ಲ ಅಷ್ಟೇ.' ಹೀಗೆ ಗಟ್ಟಿಯಾಗಿ ನಂಬುವ ಭ್ರಮೆಗೆ ಎರೋಟೊಮೇನಿಯಾ ಎನ್ನುತ್ತಾರೆ. ಫ್ರಾನ್ಸಿನ ಮನೋವೈದ್ಯ ಡಿ ಕ್ಲೆರಾಂಬೊ 1921ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಈ ಭ್ರಮೆ ಇದ್ದವರಿಗೆ ನಾವು ಬೇಡ ಎಂದರೂ ಅದು ಪ್ರೀತಿಯ ಸೂಚನೆಯಂತೆಯೇ ಕೇಳಿಸುತ್ತದೆ. ಇವರದ್ದು ಅದೇನಾ ಅಂತ ತೀರ್ಮಾನಿಸುವ ಕೆಲಸ ಮಾತ್ರ ಇನ್ನು ನನ್ನದಲ್ಲ ಎನ್ನಿಸಿತು. ಹಿಂಬಾಲಿಸುವವರಿಗೆ ನಾವೇ ಡಾಕ್ಟರ್ ಆಗಿ ಉಳಿದರೆ ಪ್ರತಿ ಅಪಾಯಿಂಟ್‌ಮೆಂಟೂ ಅವರಿಗೆ ಒಂದು ಭೇಟಿ.

ಹಾಗಾಗಿ ಸೀನಿಯರ್‌ಗೆ ತಿಳಿಸಿ, ಚಿಕಿತ್ಸೆಯನ್ನು ಬೇರೆ ಡಾಕ್ಟರಿಗೆ ಒಪ್ಪಿಸಿದೆ. ಸೀನಿಯರ್ ಎದುರಿಗೇ ಪೇಷಂಟ್‌ಗೆ ಒಂದು ಸಲ ಹೇಳಿದೆ: 'ಇನ್ನು ಮುಂದೆ ನಾನು ನಿಮ್ಮ ಡಾಕ್ಟರ್ ಅಲ್ಲ. ನನಗೆ ಫೋನ್, ಮೆಸೇಜ್ ಮಾಡಬೇಡಿ, ಭೇಟಿಗೆ ಬರಬೇಡಿ.' ಅದನ್ನೇ ಬರೆದೂ ಕೊಟ್ಟೆವು. 'ಸದ್ಯಕ್ಕೆ' ಎಂಬ ಪದವನ್ನು ಬೇಕೆಂದೇ ಬಿಟ್ಟೆ. ಅದನ್ನು ಕೇಳಿದವರು ಕಾಯುತ್ತಾರೆ.

ಆಮೇಲೆ ನನ್ನ ಕಡೆಯಿಂದ ಪೂರ್ತಿ ಮೌನ. ಹತ್ತು ಕಾಲ್ ಬಿಟ್ಟು ಹನ್ನೊಂದನೆಯದನ್ನು ಎತ್ತಿದರೆ, ಹನ್ನೊಂದು ಸಲ ಮಾಡಿದರೆ ಎತ್ತುತ್ತಾರೆ ಅಂತ ನಾವೇ ಕಲಿಸಿದಂತೆ. 'ಒಂದ್ಸಲ ಕೂರಿಸಿಕೊಂಡು ಬುದ್ಧಿ ಹೇಳಿ ಡಾಕ್ಟ್ರೇ' ಎಂದವರು ತುಂಬ ಜನ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಪೇಷಂಟ್‌ಗೆ ಬೇಕಾಗಿದ್ದೂ ಅದೇ ಅಲ್ವಾ?

ನಂಬರ್ ಬ್ಲಾಕ್ ಮಾಡಲಿಲ್ಲ. ಮ್ಯೂಟ್ ಮಾಡಿ, ಮೆಸೇಜುಗಳನ್ನು ಸಹೋದ್ಯೋಗಿಯೊಬ್ಬರು ನೋಡುವಂತೆ ಮಾಡಿದೆ. ಪ್ರೀತಿಯ ಮಾತು ಬೆದರಿಕೆಗೆ ತಿರುಗಿದರೆ ಗೊತ್ತಾಗಬೇಕಲ್ಲ. ಒಂದು ಪುಸ್ತಕದಲ್ಲಿ ತಾರೀಖು, ಹೊತ್ತು, ಜಾಗ, ಕಂಡವರು ಯಾರು ಎಂದಷ್ಟೇ ಬರೆದಿಟ್ಟೆ. ಅದನ್ನು ಪೇಷಂಟ್ ಫೈಲಿಗೆ ಸೇರಿಸಲಿಲ್ಲ. ನನ್ನ ಡ್ಯೂಟಿ ಯಾವಾಗ ಅಂತ ಯಾರಿಗೂ ಫೋನಿನಲ್ಲಿ ಹೇಳಬೇಡಿ ಎಂದು ರಿಸೆಪ್ಷನ್‌ನಲ್ಲಿ ತಿಳಿಸಿದೆ.

ನಾನು ಸುಮ್ಮನಾದ ಮೇಲೆ ಮೊದಮೊದಲು ಕಾಲ್‌ಗಳು ಹೆಚ್ಚಾದವು. ಮನೆಯ ಗೇಟಿನ ಹತ್ತಿರ ಕಂಡಾಗ ಪೊಲೀಸರಿಗೆ ದೂರು ಕೊಟ್ಟೆ. ಹೆಸರು, ಘಟನೆಗಳ ಪಟ್ಟಿ, ಸ್ಕ್ರೀನ್‌ಶಾಟ್ ಕೊಟ್ಟೆ. ಕಾಯಿಲೆ ಏನು, ಚಿಕಿತ್ಸೆಯಲ್ಲಿ ಏನು ಹೇಳಿಕೊಂಡಿದ್ದರು ಎಂಬುದನ್ನು ಕೊಡಲಿಲ್ಲ. ದೂರಿಗೆ ಅದು ಬೇಕಾಗಿಯೂ ಇರಲಿಲ್ಲ.

ಎಲ್ಲವೂ ಪ್ರೀತಿಯ ಹುಚ್ಚೇ ಆಗಿರುವುದಿಲ್ಲ, ಅದನ್ನೂ ಹೇಳಬೇಕು. ಮನೋವೈದ್ಯ ಪಾಲ್ ಮಲೆನ್ ಮತ್ತು ಸಂಗಡಿಗರು 1999ರಲ್ಲಿ ಹಿಂಬಾಲಿಸುವವರನ್ನು ಐದು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಸೇಡಿನವರೂ ಇದ್ದಾರೆ. ಆಪರೇಷನ್ ಕೆಟ್ಟಿತು, ಸರ್ಟಿಫಿಕೇಟ್ ಕೊಡಲಿಲ್ಲ ಎಂಬ ಸಿಟ್ಟು ಸರ್ಜನ್‌ನನ್ನೂ ಹಿಂಬಾಲಿಸಬಹುದು.

ಪೊಲೀಸರು ಮಾತಾಡಿದ ಮೇಲೆ ನನ್ನ ಕಡೆಗೆ ಬರುವುದು ನಿಂತಿತು. ಚಿಕಿತ್ಸೆ ಬೇರೆಯವರ ಬಳಿ ಮುಂದುವರಿದಿದೆ. ಹೇಗಿದ್ದಾರೆ ಎಂದು ನಾನು ವಿಚಾರಿಸುವುದಿಲ್ಲ. ವಿಚಾರಿಸಿದ್ದು ಅವರ ಕಿವಿಗೆ ಬಿದ್ದರೆ ಅದೂ ಒಂದು ಉತ್ತರವೇ ಆಗಿಬಿಡುತ್ತದೆ.