ಫಾರ್ಮಲಿನ್ ಬಾಟಲಿಯಲ್ಲಿ ಹೋದ ಒಂದು ಮಳೆಗಾಲ

ಎರೆಹುಳು ಅಂದ್ರೆ ಎರೆಹುಳು, ಅದರಲ್ಲೇನು ಬೇರೆ ಬೇರೆ ಅಂತ ಕೇಳುವವರು ಇವತ್ತಿಗೂ ಸಿಗುತ್ತಾರೆ. ಗುಬ್ಬಿ ತಾಲ್ಲೂಕಿನ ತೋಟ, ಹೊಲಗಳಲ್ಲಿ ಯಾವ ಯಾವ ಜಾತಿಯ ಹುಳುಗಳಿವೆ ಅಂತ ನೋಡಲು ಹೊರಟ ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಬರೆಯುತ್ತೇನೆ. ಈ ಕೆಲಸಕ್ಕೆ ಕೈ ಹಾಕುವವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಿಡಿಯುವ ಕೆಲಸ ಕಷ್ಟವಲ್ಲ. ನಾಲ್ಕು ಮಳೆ ಬಿದ್ದು ಕೆಂಪು ಮಣ್ಣು ಮೆತ್ತಗಾದ ಮೇಲೆ, ಉದ್ದ ಅಗಲ 25 ಸೆಂಟಿಮೀಟರ್, ಆಳ 30 ಸೆಂಟಿಮೀಟರ್ ಗುಂಡಿ ತೆಗೆದು, ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ ಕೈಯಲ್ಲೇ ಹುಡುಕಬೇಕು. ಒಂದು ಅಡಿಕೆ ತೋಟದಲ್ಲಿ ಹೀಗೆ ಕೂತಿದ್ದಾಗ ತೋಟದ ಅಜ್ಜ ಬಂದು ನಿಂತರು. "ಗಾಳಕ್ಕೆ ಹಾಕಾಕೇನವ್ವಾ?" ಅಂದರು. ಓದೋಕೆ ತಾತ ಅಂದೆ. "ಓದು ಓದು. ನಮ್ಮಪ್ಪನ ಕಾಲದಿಂದ ಇಲ್ಲೇ ಐತೆ ಈ ಹುಳ" ಅಂದರು. ಆ ಮಾತು ಮನಸ್ಸಿನಲ್ಲೇ ಉಳಿಯಿತು.

ಆ ವರ್ಷ ಸಿಕ್ಕಿದ ಹುಳುಗಳನ್ನೆಲ್ಲ, ಕೊಳೆಯದ ಹಾಗೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿಬಿಟ್ಟೆ. ಕಾಲೇಜಿನಲ್ಲಿ ಕಲಿತದ್ದು ಅದನ್ನೇ. ಹುಳು ಗಟ್ಟಿಯಾಗುತ್ತದೆ, ಉಂಗುರ ಎಣಿಸಲು, ಕೊಯ್ದು ನೋಡಲು ಸಲೀಸು. ಆದರೆ ಜಾತಿ ಖಚಿತ ಮಾಡಿಕೊಳ್ಳಲು ನನಗೆ ಡಿಎನ್‌ಎಯೂ ಬೇಕಿತ್ತು, ಫಾರ್ಮಲಿನ್ ಅದನ್ನು ಹಾಳು ಮಾಡುತ್ತದೆ. ಲ್ಯಾಬಿನಲ್ಲಿ ಎಷ್ಟು ಸಲ ಪಿಸಿಆರ್ (ಡಿಎನ್‌ಎ ಚೂರಿಗೆ ಲಕ್ಷಾಂತರ ನಕಲು ತೆಗೆಯುವ ವಿಧಾನ) ಮಾಡಿದರೂ, ನಕಲು ಆಗಿದೆ ಅಂತ ತೋರಿಸುವ ಗೆರೆ ಜೆಲ್‌ನಲ್ಲಿ ಮೂಡಲಿಲ್ಲ. ಒಂದು ಮಳೆಗಾಲದ ದುಡಿಮೆ ಪೂರ್ತಿ ಹೋಯಿತು, ಅವತ್ತು ನಿಜಕ್ಕೂ ಅಳು ಬಂತು.

ಮುಂದಿನ ವರ್ಷ ಹೀಗೆ ಮಾಡಿದೆ. ಹುಳುವನ್ನು ನೀರಲ್ಲಿ ತೊಳೆದು, ತೀರಾ ತೆಳುವಾದ ಆಲ್ಕೋಹಾಲಿನಲ್ಲಿ ಮಂಪರು ಬರುವವರೆಗೆ ಬಿಡುವುದು. ಆಮೇಲೆ ಬಾಲದ ತುದಿಯ ಒಂದು ಚೂರನ್ನು ಕತ್ತರಿಸಿ ಅಚ್ಚ ಎಥನಾಲ್‌ಗೆ ಹಾಕುವುದು, ಉಳಿದ ದೇಹ ಫಾರ್ಮಲಿನ್‌ಗೆ. ಎರಡಕ್ಕೂ ಒಂದೇ ನಂಬರ್, ಅದನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿ ಹೋಗುತ್ತದೆ. ಆ ಚೂರಿನಿಂದ ಕರುಳನ್ನು ಕೆರೆದು ತೆಗೆದು, ಬರೀ ಚರ್ಮದ ಗೋಡೆಯನ್ನು ಬಳಸಿ. ಹೊಟ್ಟೆಯ ಮಣ್ಣು ಸೇರಿಕೊಂಡರೆ ಅದರಲ್ಲಿರುವ ಹ್ಯೂಮಿಕ್ ಆಮ್ಲ ಪಿಸಿಆರ್ ಅನ್ನು ತಡೆಯುತ್ತದೆ.

ಇನ್ನು ಗುರುತು ಹಿಡಿಯುವುದು. ಬಣ್ಣ, ಉದ್ದ ನಂಬಬೇಡಿ. ಕತ್ತಿನ ಹತ್ತಿರದ ದಪ್ಪ ಪಟ್ಟಿ, ಅಂದರೆ ಕ್ಲೈಟೆಲ್ಲಂ, ಎಷ್ಟನೇ ಉಂಗುರದಿಂದ ಎಷ್ಟನೆಯದರವರೆಗೆ ಇದೆ ಅಂತ ಎಣಿಸಿ. ರಾಗಿ ಹೊಲದಲ್ಲಿ ಸಿಕ್ಕ ಲ್ಯಾಂಪಿಟೋ ಮಾರಿಟಿಗೆ ಅದು 14ರಿಂದ 17, ಸುತ್ತಲೂ ಬಳೆಯ ಹಾಗೆ ಇರುತ್ತದೆ. ಸಣ್ಣ ಮುಳ್ಳುಗೂದಲೂ ಪ್ರತಿ ಉಂಗುರದ ಸುತ್ತಲೂ ಸಾಲಾಗಿ ಇರುತ್ತದೆ. ಅಜ್ಜನ ತೋಟದ ಹುಳುವಿನ ಪಟ್ಟಿ ಹಾಗಲ್ಲ, ಬೆನ್ನ ಮೇಲೆ ಕುದುರೆಯ ಜೀನು ಹಾಕಿದಂತೆ, ಹೊಟ್ಟೆಯ ಕಡೆ ತೆರೆದಿರುತ್ತದೆ. ಬಾಲವನ್ನು ಬೆರಳಲ್ಲಿ ಸವರಿದರೆ ಬ್ರಷ್ಷಿನ ಹಾಗೆ ಒರಟು. ಲೆನ್ಸ್‌ನಲ್ಲಿ ನೋಡಿದರೆ ಅಲ್ಲಿಯ ಗೂದಲುಗಳು ಒಂದು ಉಂಗುರ ಬಿಟ್ಟು ಒಂದರಲ್ಲಿ ಜಾಗ ಬದಲಿಸಿ ನಿಂತಿರುತ್ತವೆ. ಅದು ಪಾಂಟೋಸ್ಕೋಲೆಕ್ಸ್ ಕೊರೆಥ್ರುರಸ್. ದಕ್ಷಿಣ ಅಮೆರಿಕದ ಹುಳು! ಜೀವವಿಜ್ಞಾನಿ ಫ್ರಿಟ್ಜ್ ಮುಲ್ಲರ್ 1857ರಲ್ಲಿ ಬ್ರೆಜಿಲ್‌ನ ಬ್ಲೂಮೆನೌ ಊರಿನಿಂದ ಇದನ್ನು ವಿವರಿಸಿದರು. ಲ್ಯಾಂಪಿಟೋ ಹೆಸರಲ್ಲಿ ಮಾರಿಷಸ್ ಇದ್ದರೂ ಅದು ನಮ್ಮ ಕಡೆಯ ಹುಳು, ತಾತನ 'ನಮ್ಮಪ್ಪನ ಕಾಲದ' ಹುಳುವೇ ಹೊರಗಿಂದ ಬಂದದ್ದು.

ಕಣ್ಣಿಗೆ ಕಂಡದ್ದು ಸರಿಯಾ ಅಂತ ನೋಡಲು ಪ್ರಾಣಿಗಳ ಜಾತಿ ಗುರುತಿಸಲು ಬಳಸುವ ಸಿಒಐ ಅನ್ನುವ ಜೀನಿನ ಸುಮಾರು 650 ಡಿಎನ್‌ಎ ಅಕ್ಷರಗಳನ್ನು ಓದಿಸಿದೆ. ಅಡಿಕೆ ತೋಟಗಳ ಹುಳುಗಳು ಒಂದಕ್ಕೊಂದು ಹೆಚ್ಚುಕಮ್ಮಿ ಅಚ್ಚೊತ್ತಿದ ಹಾಗೆ ಬಂದವು. ಈ ಹುಳು ಜೋಡಿಯಿಲ್ಲದೆಯೂ ಮರಿ ಮಾಡಬಲ್ಲದು, ಒಂದು ಗಿಡದ ಬುಡದ ಮಣ್ಣಿನಲ್ಲಿ ಬಂದ ಒಂದೇ ಹುಳು ಒಂದು ತೋಟಕ್ಕೆ ಸಾಕು. ಹೊಲದ ಲ್ಯಾಂಪಿಟೋಗಳಲ್ಲಿ ಊರಿಂದ ಊರಿಗೆ ವ್ಯತ್ಯಾಸ ಜಾಸ್ತಿ ಇತ್ತು. ನನಗೆ ತುಂಬಾ ಖುಷಿ ಕೊಟ್ಟದ್ದು ಅದೇ.

ಒಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಹುಳುವಿನ ಅಕ್ಷರಗಳನ್ನು ಡಿಎನ್‌ಎ ಡೇಟಾಬೇಸ್‌ನಲ್ಲಿ ಹೋಲಿಸಿ ಮೇಲೆ ಬಂದ ಹೆಸರನ್ನು ಸುಮ್ನೆ ಬರೆದುಕೊಳ್ಳಬೇಡಿ. ಅಲ್ಲಿ ಹೆಸರು ಇಟ್ಟವರೂ ತಪ್ಪು ಮಾಡಿರಬಹುದು ಅಲ್ವಾ? 2018ರ ಒಂದು ಅಧ್ಯಯನದಲ್ಲಿ ಕೊರೆಥ್ರುರಸ್ ಅಂತ ಕರೆಯುತ್ತಿದ್ದ ಹುಳುಗಳಲ್ಲೇ, ಕಣ್ಣಿಗೆ ಒಂದೇ ಥರ ಕಾಣುವ ಬೇರೆ ಬೇರೆ ಜಾತಿಗಳು ಇದ್ದದ್ದು ಗೊತ್ತಾಯಿತು. ಆಗ ಯಾವುದಕ್ಕೆ ಹಳೆಯ ಹೆಸರು ಸಲ್ಲಬೇಕು ಅಂತ ತೀರ್ಮಾನಿಸಲು, ಮೊದಲು ಆ ಹೆಸರು ಸಿಕ್ಕ ಬ್ಲೂಮೆನೌ ಊರಿನ ಹುಳುಗಳೇ ಬೇಕಾದವು. ಅದಕ್ಕೇ ನಂಬರ್ ಹಾಕಿದ ದೇಹವನ್ನು ಬಿಸಾಡಬಾರದು.

ಕಳೆದ ತಿಂಗಳು ಅಜ್ಜನಿಗೆ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ತ್ವಾಟಕ್ಕೆ ಒಳ್ಳೇದೋ ಕೆಟ್ಟದ್ದೋ ಹೇಳು" ಅಂದರು. ಬ್ರೆಜಿಲ್‌ನಲ್ಲಿ ಕಾಡು ಕಡಿದು ಮಾಡಿದ ಹುಲ್ಲುಗಾವಲಲ್ಲಿ ಇದರ ಹಿಕ್ಕೆ ಮಣ್ಣನ್ನು ಬಿಗಿ ಮಾಡಿದ್ದುಂಟು, ನೆರಳು, ತರಗೆಲೆ ಇರುವ ನಿಮ್ಮ ತೋಟದ ಮಣ್ಣು ಇನ್ನೂ ಸಡಿಲವಾಗೇ ಇದೆ ಅಂದೆ. ತೋಟಕ್ಕೂ ರಾಗಿ ಹೊಲಕ್ಕೂ ನಡುವೆ ಇರುವ ಬದುವಿನ ಎರಡೂ ಕಡೆ ಈ ಸಲ ಗುಂಡಿ ತೆಗೆಯಲು ಅವರೇ ಜಾಗ ತೋರಿಸಿದರು.